ದುಡ್ಡು ಕೊಟ್ಟಿದ್ದು ಖರೀದಿ ಅಲ್ಲ ಸ್ವಾಮೀ

ಕಾಮಾಕ್ಷಿಪಾಳ್ಯದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿರುವ ಒಬ್ಬರು ಅಕ್ಟೋಬರ್‌ನಲ್ಲಿ ನನ್ನ ಆಫೀಸಿಗೆ ಬಂದರು. ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಮಿತಿ ಜಾಸ್ತಿ ಮಾಡಿಸಬೇಕಿತ್ತು. ಬ್ಯಾಂಕಿನವರು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕ ಕೇಳಿದ್ದರು. ಲೆಕ್ಕ ತೆಗೆದರೆ ನಷ್ಟ.

"ಸಾರ್, ಅಂಗಡೀಲಿ ನಿಲ್ಲೋಕೆ ಜಾಗ ಇಲ್ಲ, ಅಷ್ಟು ವ್ಯಾಪಾರ. ಈ ಟ್ಯಾಲಿ ಮಾತ್ರ ನಷ್ಟ ಅಂತಿದೆ. ಸಾಫ್ಟ್‌ವೇರ್‌ನಲ್ಲೇ ಏನೋ ತೊಂದರೆ ಇರಬೇಕು."

ಟ್ಯಾಲಿ ನಮ್ಮ ಬೆಂಗಳೂರಿನದ್ದೇ ಕೂಸು. ಆ ಕಂಪನಿ ಶುರುವಾಗಿದ್ದು 1986ರಲ್ಲಿ. ಅದನ್ನು ಬೈಯುವವರು ವಾರಕ್ಕೆ ಇಬ್ಬರಾದರೂ ಸಿಗುತ್ತಾರೆ. ಅದು ಕೂಡಿ ಕಳೆಯುವುದರಲ್ಲಿ ತಪ್ಪಿದ್ದನ್ನು ನಾನಂತೂ ನೋಡಿಲ್ಲ. ನಾವು ಏನು ಹಾಕಿದೆವೋ ಅದನ್ನೇ ಕೂಡಿಸುತ್ತದೆ, ಪಾಪ.

ಖರೀದಿ ಖಾತೆ ತೆರೆದೆ. ಜೂನ್ 3ಕ್ಕೆ ಎಸ್‌ಜೆಪಿ ರಸ್ತೆಯ ಒಂದು ಸಗಟು ಅಂಗಡಿಯಿಂದ ಸ್ವಿಚ್ಚು, ಸಾಕೆಟ್ಟು ಉದ್ರಿಗೆ ಬಂದಿದ್ದವು. ಮಾಲು 1,00,000 ರೂಪಾಯಿ, ಜಿಎಸ್‌ಟಿ 18,000, ಬಿಲ್ಲು ಒಟ್ಟು 1,18,000. ಟ್ಯಾಲಿಯಲ್ಲಿ ಖರೀದಿ ಬರೆಯುವ ಕೀಲಿ ಎಫ್9, ಅದನ್ನು ಒತ್ತಿ ಸರಿಯಾಗಿಯೇ ಬರೆದಿದ್ದರು. ಖರೀದಿಗೆ ಒಂದು ಲಕ್ಷ, ಜಿಎಸ್‌ಟಿಯ 18,000 ಅದರದೇ ಬೇರೆ ಖಾತೆಗೆ, ಪಾರ್ಟಿ ಅಂದರೆ ಮಾಲು ಕೊಟ್ಟವರ ಖಾತೆಯಲ್ಲಿ ಕೊಡಬೇಕಾದ ಬಾಕಿ 1,18,000. ಇಲ್ಲಿಯವರೆಗೆ ಚಿನ್ನದಂಥ ಲೆಕ್ಕ.

ಆಮೇಲೆ ಜೂನ್ 10ಕ್ಕೆ 50,000, ಜೂನ್ 21ಕ್ಕೆ 50,000, ಜೂನ್ 28ಕ್ಕೆ 18,000 ಬ್ಯಾಂಕಿನಿಂದ ಹೋಗಿದೆ. ಮೂರನ್ನೂ ಲೆಕ್ಕ ಬರೆಯುವ ಹುಡುಗಿ ಮತ್ತೆ ಖರೀದಿಗೇ ಹಾಕಿದ್ದಾಳೆ. ಅಲ್ಲಿಗೆ ಒಂದು ಲಕ್ಷದ ಖರೀದಿ 2,18,000 ಆಯಿತು. ಪಾರ್ಟಿ ಬಾಕಿ ಒಂದು ರೂಪಾಯಿಯೂ ಕರಗಿಲ್ಲ.

ಜುಲೈನಲ್ಲಿ ಮಾಲೀಕರು ಬಾಕಿ ಪಟ್ಟಿ ಪ್ರಿಂಟ್ ತೆಗೆಸಿದರು. 1,18,000 ಕೊಡಬೇಕು ಅಂತ ಕಂಡಿತು. ಮರ್ಯಾದಸ್ಥ ಮನುಷ್ಯ, ಅವತ್ತೇ ಪೂರ್ತಿ ಕಳಿಸಿಬಿಟ್ಟರು. ಅಂದರೆ ಎರಡನೇ ಸಲ. ಆ ಹುಡುಗಿ ಅದನ್ನೂ ಖರೀದಿಗೇ ಹಾಕಿದಳು. ಈಗ ಖರೀದಿ 3,36,000. ಬಾಕಿ? ಹಾಗೇ ಇದೆ, 1,18,000! ನಾನು ನೋಡದೆ ಇದ್ದಿದ್ದರೆ ಮೂರನೇ ಸಲವೂ ಕಳಿಸುತ್ತಿದ್ದರೋ ಏನೋ. ಇಂಥವೇ ಇನ್ನೂ ಎಂಟ್ಹತ್ತು ಪಾರ್ಟಿಗಳಲ್ಲಿ ಆಗಿತ್ತು. ಇಲ್ಲದ ಖರೀದಿಯೆಲ್ಲ ಖರ್ಚಾಗಿ ಕೂತರೆ ಟ್ಯಾಲಿ ನಷ್ಟ ಅನ್ನದೆ ಇನ್ನೇನು ಅನ್ನಬೇಕು? ಎರಡು ಸಲ ದುಡ್ಡು ಹೋಗಿದ್ದು ಮಾತ್ರ ಇದೊಂದರಲ್ಲೇ.

ಇಷ್ಟು ವರ್ಷ ಲೆಕ್ಕ ಬರೆದು, ಬರೆದದ್ದನ್ನು ತಿದ್ದಿ ಬದುಕಿದವನು ನಾನು. ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಅಂತ ಇಲ್ಲಿ ಪಾಠ ಮಾಡುವುದಿಲ್ಲ. ಅದು ಪಿಯುಸಿ ಪುಸ್ತಕದಲ್ಲಿದೆ. ಆದರೆ ಈ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ತಲೆಗೆ ಇಳಿಯುವುದಿಲ್ಲ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಮಾಲು ಬರುವುದು ಒಂದು ಘಟನೆ. ದುಡ್ಡು ಹೋಗುವುದು ಇನ್ನೊಂದು ಘಟನೆ. ಒಂದಕ್ಕೆ ಖರೀದಿ ಪುಸ್ತಕ, ಇನ್ನೊಂದಕ್ಕೆ ಪಾವತಿ ಪುಸ್ತಕ. ಉದ್ರಿಗೆ ಮಾಲು ಬಂದ ದಿನವೇ ಖರೀದಿ ಮುಗಿಯಿತು. ಅವತ್ತು ನಿಮಗೆ ಮಾಲು ಸಿಕ್ಕಿತು, ತಲೆ ಮೇಲೆ ಸಾಲ ಕೂತಿತು. ಆಮೇಲೆ ನೀವು ಕೊಡುವ ದುಡ್ಡು ಮಾಲಿಗಲ್ಲ, ಆ ಸಾಲಕ್ಕೆ. ಹಾಗಾಗಿ ಪಾವತಿ ಬರೆಯುವಾಗ ಎಫ್5 ಒತ್ತಿ, ಎದುರುಗಡೆ ಪಾರ್ಟಿಯ ಹೆಸರು ಹಾಕಬೇಕು. ಖರೀದಿ ಅನ್ನುವ ಪದ ಅಲ್ಲಿ ಬರಲೇಬಾರದು. ಮೂರು ಕಂತಲ್ಲಿ ಕೊಡಿ, ಮೂವತ್ತು ಕಂತಲ್ಲಿ ಕೊಡಿ, ಚೆಕ್ಕೋ ಯುಪಿಐಯೋ, ಹಳೇ ಬಿಲ್ಲಿಗೆ ಕೊಡುವ ದುಡ್ಡು ಖರೀದಿ ಖಾತೆಯನ್ನು ಮುಟ್ಟುವುದಿಲ್ಲ.

ಇದನ್ನು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಬಾಗಿಲ ತನಕ ಹೋಗಿ ತಿರುಗಿ ಕೇಳುತ್ತಾರೆ: "ಅಲ್ಲಾ ಸಾರ್, ದುಡ್ಡು ಮಾಲಿಗೇ ತಾನೇ ಕೊಟ್ಟಿದ್ದು?"

ಮನೆ ಸಾಲದ ಕಂತು ಕಟ್ಟುತ್ತೀರಲ್ಲ, ತಿಂಗಳಿಗೊಂದು ಹೊಸ ಮನೆ ಕೊಳ್ಳುತ್ತಿದ್ದೀರಾ? ಇಲ್ಲ ಅಲ್ವಾ. ಇದೂ ಅಷ್ಟೇ.

ನಾನು ಕೆಲಸ ಕಲಿಯುತ್ತಿದ್ದಾಗ ಅವೆನ್ಯೂ ರಸ್ತೆಯ ಒಂದು ಕಾಗದದ ಅಂಗಡಿಗೆ ಲೆಕ್ಕ ನೋಡಲು ಹೋಗುತ್ತಿದ್ದೆ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಒಬ್ಬ ವಯಸ್ಸಾದ ಗುಮಾಸ್ತರು ಕೂರುತ್ತಿದ್ದರು. ಅವರ ತಲೆ ಮೇಲೆ ಗೋಡೆಗೆ ಎರಡು ಕೊಕ್ಕೆ ತಂತಿ. ಎಡಗಡೆ ತಂತಿಗೆ ಮಾಲಿನ ಜೊತೆ ಬಂದ ಬಿಲ್ಲುಗಳು, ಬಲಗಡೆ ತಂತಿಗೆ ದುಡ್ಡು ಕೊಟ್ಟಿದ್ದಕ್ಕೆ ಪಡೆದ ರಸೀದಿಗಳು. ಸಂಜೆ ದೀಪ ಹಚ್ಚುವ ಮೊದಲು ಎಡಗಡೆಯದ್ದು ಖರೀದಿ ಪುಸ್ತಕಕ್ಕೆ, ಬಲಗಡೆಯದ್ದು ನಗದು ಪುಸ್ತಕಕ್ಕೆ ಇಳಿಯುತ್ತಿತ್ತು. ಒಂದು ದಿನ ನಾನು ಜಾಣತನ ಮಾಡಲು ಹೋಗಿ, ದುಡ್ಡು ಕೊಟ್ಟಾಗಿದೆ ಅಂತ ಒಂದು ಬಿಲ್ಲನ್ನು ಎಡಗಡೆಯಿಂದ ಕಿತ್ತು ಬಲಗಡೆ ಚುಚ್ಚಿದೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಯಾಕಪ್ಪಾ, ದುಡ್ಡು ಕೊಟ್ಟ ತಕ್ಷಣ ಮಾಲು ಬಂದಿದ್ದು ಸುಳ್ಳಾಗೋಯ್ತಾ? ಅದನ್ನ ಅಲ್ಲೇ ಚುಚ್ಚು."

ಅವರ ಖರೀದಿ ಪುಸ್ತಕದಲ್ಲಿ ಒಂದು ಬಿಲ್ಲಿಗೆ ಒಂದೇ ಸಾಲು. ತಾರೀಖು, ಪಾರ್ಟಿ, ಬಿಲ್ ನಂಬರ್, ಖಾತೆಯ ಪುಟ, ಮೊತ್ತ. ಪಾರ್ಟಿಯ ಖಾತೆಗೆ ಆಯಾ ದಿನವೇ ಏರಿಸುತ್ತಿದ್ದರು. ಖರೀದಿ ಖಾತೆಗೆ ಮಾತ್ರ ತಿಂಗಳ ಕೊನೆಗೆ ಒಟ್ಟು ಮೊತ್ತ, ಒಂದೇ ಸಲ. ತಿಂಗಳಿಗೆ ಅರವತ್ತು ಬಿಲ್ಲು ಬಂದರೂ ಖರೀದಿ ಖಾತೆಯಲ್ಲಿ ಒಂದೇ ಒಂದು ಸಾಲು. ಈ ವಿಶೇಷ ಪುಸ್ತಕಗಳು ಹುಟ್ಟಿದ್ದೇ ಆ ಅನುಕೂಲಕ್ಕೆ. ಪಾವತಿ ಪುಸ್ತಕದಿಂದ ಖರೀದಿ ಖಾತೆಗೆ ಏನಾದರೂ ಹೋಗಬೇಕೆಂದರೆ ಅದು ಕೈಯಲ್ಲೇ ದುಡ್ಡು ಕೊಟ್ಟು ತಂದ ಮಾಲು ಆಗಿರಬೇಕು, ಅಷ್ಟೇ. ಟ್ಯಾಲಿಯಲ್ಲಿ ಆ ನಗದು ಖರೀದಿಯನ್ನೂ ಎಫ್9ರಲ್ಲೇ ಹಾಕುವವರಿದ್ದಾರೆ. ತಕರಾರಿಲ್ಲ. ಒಂದು ಖರೀದಿಯನ್ನು ಒಂದೇ ಸಲ ಬರೆದರೆ ಸಾಕು.

ಹಾಗಾದರೆ ಈಗ ಯಾಕೆ ಇಷ್ಟು ಜನ ಎಡವುತ್ತಾರೆ? ನನಗೆ ಅನ್ನಿಸುವುದು ಇಷ್ಟು. ಈಗ ಯಾರೂ ಬಿಲ್ಲಿನಿಂದ ಲೆಕ್ಕ ಬರೆಯುವುದಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ ಬರೆಯುತ್ತಾರೆ. ವಾಟ್ಸ್ಯಾಪ್‌ನಲ್ಲಿ ಒಂದು ಪಿಡಿಎಫ್ ಬರುತ್ತದೆ, "ಸಾರ್, ಎಲ್ಲಾ ಇದರಲ್ಲೇ ಇದೆ". ಅದರಲ್ಲಿ ಇರುವುದು ದುಡ್ಡು ಹೋದ ತಾರೀಖು ಮಾತ್ರ. ಮಾಲು ಯಾವತ್ತು ಬಂತು, ಎಷ್ಟು ಬಂತು, ವಾಪಸ್ ಎಷ್ಟು ಹೋಯಿತು, ಯಾವುದೂ ಇಲ್ಲ. ಸಗಟು ಅಂಗಡಿಯ ಹೆಸರು ಕಂಡ ಕೂಡಲೇ ಕೈ ಖರೀದಿ ಕಡೆ ಹೋಗುತ್ತದೆ. ಹುಡುಗಿಯನ್ನು ಬೈದು ಪ್ರಯೋಜನವಿಲ್ಲ. ಮಾಲೀಕರು ಬಿಲ್ಲುಗಳನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟುಕೊಂಡು ತಿರುಗಿದರೆ ಅವಳಾದರೂ ಏನು ಮಾಡಬೇಕು? ಜೂನ್ 3ರ ಬಿಲ್ಲು ಹೇಗೋ ಅವಳ ಕೈಗೆ ಸಿಕ್ಕಿತ್ತು, ಬರೆದಳು. ಮಿಕ್ಕಿದ್ದಕ್ಕೆಲ್ಲ ಸ್ಟೇಟ್‌ಮೆಂಟೇ ಗತಿ.

ಇದರ ಉಲ್ಟಾ ತಪ್ಪೂ ಇದೆ. ದುಡ್ಡು ಕೊಡುವ ತನಕ ಖರೀದಿ ಬರೆಯದೇ ಇರುವುದು. ಮಾರ್ಚ್ 28ಕ್ಕೆ 2,00,000 ರೂಪಾಯಿ ಮಾಲು ಬಂತು ಅನ್ನಿ. ಮಾರ್ಚ್ 31ಕ್ಕೆ ಸ್ಟಾಕ್ ಎಣಿಸುವಾಗ ಅದನ್ನೂ ಎಣಿಸಿದಿರಿ. ಬಿಲ್ಲನ್ನು ಮಾತ್ರ ದುಡ್ಡು ಕೊಟ್ಟ ಏಪ್ರಿಲ್ 18ಕ್ಕೆ ಬರೆದಿರಿ. ಮಾಲು ಅಂಗಡಿಯಲ್ಲಿದೆ, ಖರೀದಿ ಪುಸ್ತಕದಲ್ಲಿಲ್ಲ. ಪುಸ್ತಕದ ಪ್ರಕಾರ ಆಕಾಶದಿಂದ ಬಿದ್ದ ಮಾಲು, ಅಂದರೆ ಪೂರ್ತಿ ಲಾಭ. ಪಾಲುದಾರಿಕೆ ಸಂಸ್ಥೆಯಾದರೆ ಶೇ 30 ತೆರಿಗೆ, ಮೇಲೆ ಸೆಸ್ ಸೇರಿ 62,400 ರೂಪಾಯಿ, ಇಲ್ಲದ ಲಾಭಕ್ಕೆ. ಮುಂದಿನ ವರ್ಷ ಸರಿಹೋಗುತ್ತೆ ಅಂತ ಸಮಾಧಾನ ಹೇಳುವವರಿದ್ದಾರೆ. ಸರಿಹೋಗಬಹುದು. ಈ ವರ್ಷದ ದುಡ್ಡು ನಿಮ್ಮ ಜೇಬಿಂದ ಹೋಗಿರುತ್ತದಲ್ಲ!

ಕಾನೂನು ಕೂಡ ಎರಡು ತಾರೀಖನ್ನೂ ಕೇಳುತ್ತದೆ. ಜಿಎಸ್‌ಟಿಯಲ್ಲಿ ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಪಾರ್ಟಿಗೆ ದುಡ್ಡು ಕೊಡದಿದ್ದರೆ, ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿ ಬಿಲ್ಲಿನ ಜಿಎಸ್‌ಟಿಗೆ ನಿಮ್ಮ ತೆರಿಗೆಯಲ್ಲಿ ಸಿಗುವ ವಜಾ) ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಕೊಟ್ಟ ಮೇಲೆ ಮತ್ತೆ ತೆಗೆದುಕೊಳ್ಳಬಹುದು. ಪೀಣ್ಯದ ಸಣ್ಣ ತಯಾರಕರಿಂದ ಮಾಲು ತರುವವರಿಗೆ 2023-24ರಿಂದ ಇನ್ನೊಂದು ತಲೆನೋವು. ಅವರು ಸೂಕ್ಷ್ಮ ಅಥವಾ ಸಣ್ಣ ಉದ್ಯಮ ಅಂತ ನೋಂದಾಯಿಸಿದ್ದರೆ, ಕರಾರು ಇಲ್ಲದಿದ್ದರೆ 15 ದಿನ, ಲಿಖಿತ ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಅಷ್ಟರೊಳಗೆ ದುಡ್ಡು ಕೊಡಬೇಕು. ತಡವಾದರೆ, ದುಡ್ಡು ಕೊಟ್ಟ ವರ್ಷವೇ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯಲು ಬಿಡುತ್ತಾರೆ. ಬರೀ ವ್ಯಾಪಾರ ಮಾಡುವವರಿಂದ ತಂದರೆ ಮಾತು ಬೇರೆ. ನಿಮ್ಮ ಪಾರ್ಟಿ ಯಾವ ಬಗೆಯವರು ಅನ್ನುವುದನ್ನು ಕಾಗದ ನೋಡಿಯೇ ಹೇಳಬೇಕು. ಇದನ್ನು ಓದಿ ನೀವೇ ತೀರ್ಮಾನ ಮಾಡಬೇಡಿ, ನಿಮ್ಮ ಆಡಿಟರ್ ಹತ್ತಿರ ಕೇಳಿ. ನಾನು ಹೇಳುವುದಿಷ್ಟೇ: ದಿನ ಎಣಿಸಬೇಕಾದರೆ ಎರಡು ತಾರೀಖು ಬೇಕು. ಖರೀದಿಯನ್ನೂ ಪಾವತಿಯನ್ನೂ ಕಲಸಿ ಹಾಕಿದವರ ಹತ್ತಿರ ಒಂದೇ ಇರುತ್ತದೆ.

ನಗದು ಪಾವತಿ ಬಗ್ಗೆಯೂ ಒಂದು ಮಾತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಿತು. ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಬೋರ್ಡು ಬಿತ್ತು. ಸರಿ, ಕ್ಯಾಶ್ ಬಂತು. ಆ ಕ್ಯಾಶನ್ನು ಏನು ಮಾಡಿದರು? ಪಾರ್ಟಿಗೆ ಕ್ಯಾಶ್‌ನಲ್ಲೇ ಕೊಟ್ಟರು. ಒಬ್ಬ ವ್ಯಕ್ತಿಗೆ ಒಂದು ದಿನಕ್ಕೆ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಒಪ್ಪುವುದಿಲ್ಲ. ಲಾರಿ ಬಾಡಿಗೆಗಾದರೆ 35,000. ಕೆಲವು ವಿನಾಯಿತಿಗಳಿವೆ, ನಿಮ್ಮದು ಅದರಲ್ಲಿದೆ ಅಂತ ಸುಮ್ನೆ ನಂಬಬೇಡಿ. ಬೆಳಿಗ್ಗೆ 9,000, ಸಂಜೆ 9,000 ಕೊಟ್ಟು ಬಂದು "ಎರಡೂ ಹತ್ತರ ಒಳಗೇ ಸಾರ್" ಅಂದವರೂ ಇದ್ದಾರೆ. ದಿನದ ಒಟ್ಟು ನೋಡುತ್ತಾರೆ ಮಾರಾಯ್ರೇ! ಹೋದ ವರ್ಷದ ಖರೀದಿಗೆ ಈ ವರ್ಷ ಹೀಗೆ ನಗದು ಕೊಟ್ಟರೂ ಬಿಡುವುದಿಲ್ಲ, ಈ ವರ್ಷದ ಆದಾಯಕ್ಕೆ ಸೇರಿಸುತ್ತಾರೆ.

ರಿಯಾಯಿತಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬೇಗ ಕೊಟ್ಟಿದ್ದಕ್ಕೆ ಪಾರ್ಟಿ ಶೇ 2 ಬಿಟ್ಟರೆ, 1,18,000ದಲ್ಲಿ 2,360 ಉಳಿಯಿತು, ಬ್ಯಾಂಕಿನಿಂದ ಹೋಗಿದ್ದು 1,15,640. ಆ 2,360ನ್ನು ಪಾವತಿ ಬರೆಯುವಾಗಲೇ ರಿಯಾಯಿತಿ ಅಂತ ತೋರಿಸದಿದ್ದರೆ ಪಾರ್ಟಿ ಖಾತೆಯಲ್ಲಿ ಬಾಕಿಯಾಗಿ ಕೂತುಬಿಡುತ್ತದೆ. ಹತ್ತು ವರ್ಷದಿಂದ ಹೀಗೆ ಕೂತ ಚಿಲ್ಲರೆ ಬಾಕಿಗಳನ್ನು ನೋಡಿದ್ದೇನೆ, ಅಂಗಡಿ ಮುಚ್ಚಿದ ಪಾರ್ಟಿಗಳ ಹೆಸರಲ್ಲಿ.

ಅಂದಹಾಗೆ, ಮಾರಲು ತಂದ ಫ್ಯಾನು ಖರೀದಿ. ಅಂಗಡಿಯ ಸೂರಿಗೆ ನೇತುಹಾಕಲು ತಂದ ಫ್ಯಾನು ಆಸ್ತಿ, ಖರೀದಿ ಪುಸ್ತಕಕ್ಕೆ ಬರುವುದಿಲ್ಲ. ಫ್ಯಾನಿನ ಮಾತು ಯಾಕೆ ಬಂತು ಅಂದರೆ, ನಮ್ಮ ಕಾಮಾಕ್ಷಿಪಾಳ್ಯದವರ ಕತೆ ಇನ್ನೂ ಬಾಕಿ ಇದೆ.

ಪುಸ್ತಕ ತಿದ್ದಲು ಎರಡು ವಾರ ಹಿಡಿಯಿತು. ಪ್ರತಿ ಪಾರ್ಟಿಯಿಂದ ಲೆಕ್ಕದ ಪ್ರತಿ ತರಿಸಿದೆವು. ಎಸ್‌ಜೆಪಿ ರಸ್ತೆಯವರ ಪ್ರತಿಯಲ್ಲಿ ನಮ್ಮ ಹೆಸರಿನ ಎದುರು 1,18,000 ಮುಂಗಡ ಜಮಾ ಅಂತ ಸ್ಪಷ್ಟವಾಗಿತ್ತು. ಜುಲೈನಿಂದ ಒಂದು ಫೋನ್ ಕೂಡ ಮಾಡಿರಲಿಲ್ಲ. ಮಾಲೀಕರು ವಾಪಸ್ ಕೇಳಿದರೆ, "ದುಡ್ಡು ಈಗ ಕಷ್ಟ ಅಣ್ಣಾ, ಮಾಲು ತಗೊಂಡು ಹೋಗಿ" ಅಂದರಂತೆ. ಇದ್ದ ಮಾಲು ಸೀಲಿಂಗ್ ಫ್ಯಾನ್. ನವೆಂಬರ್ ತಿಂಗಳು, ಬೆಂಗಳೂರಿನಲ್ಲಿ ಸ್ವೆಟರ್ ಹಾಕುವ ಕಾಲ. 1,250ರ ಲೆಕ್ಕದಲ್ಲಿ 80 ಫ್ಯಾನು, ಜಿಎಸ್‌ಟಿ ಸೇರಿ ಸರಿಯಾಗಿ 1,18,000.

ಬಿಲ್ಲು ಬಂದ ದಿನ ಆ ಹುಡುಗಿ ನನಗೆ ಫೋನ್ ಮಾಡಿದಳು. ಎಫ್9 ಹಾಕಿದ್ದೀನಿ ಸಾರ್ ಅಂದಳು. ಪಾವತಿ ಏನು ಹಾಕಿದೆ ಅಂತ ಬೇಕಂತಲೇ ಕೇಳಿದೆ.

"ಏನೂ ಇಲ್ಲ ಸಾರ್. ಇವತ್ತು ಫ್ಯಾನ್ ಬಂತು, ದುಡ್ಡು ಹೋಗಿಲ್ಲ. ಅದು ಜುಲೈನಲ್ಲೇ ಹೋಗಿದೆ. ಮುಂಗಡಕ್ಕೆ ಸರಿ ಹೊಂದಿಸಿದೆ, ಪಾರ್ಟಿ ಬಾಕಿ ಸೊನ್ನೆ ಬಂತು."

ಹಿಂದೆ ಮಾಲೀಕರ ದನಿ ಕೇಳಿಸುತ್ತಿತ್ತು. ಫ್ಯಾನಿನ ಡಬ್ಬಗಳನ್ನು ಎಲ್ಲಿ ಇಡಬೇಕು ಅಂತ ಯಾರಿಗೋ ರೇಗುತ್ತಿದ್ದರು.