ಬೆರಳು ಓಡುತ್ತೆ, ಕಿವಿ ಇನ್ನೂ ಹೊರಟಿಲ್ಲ

"ಟೆಕ್ನಿಕ್ ಸೂಪರ್ ಅಂತೆ ಮಿಸ್, ಆದ್ರೆ ಮೆಚುರಿಟಿ ಸಾಲದು ಅಂತ ಜಡ್ಜ್ ಬರೆದಿದಾರೆ, ಅದಕ್ಕೆ ಬೇರೆ ಕ್ಲಾಸ್ ಏನಾದ್ರೂ ಇದೆಯಾ?" ಕೇಳಿದ್ದು ನನ್ನ ಹತ್ರ ಪಿಯಾನೋ ಕಲಿಯೋ 11 ವರ್ಷದ ಹುಡುಗನ ಅಮ್ಮ. ಮೊದಲು ನಗು ಬಂತು, ಆಮೇಲೆ ಯೋಚನೆ ಮಾಡಿದ್ರೆ ತಪ್ಪು ಅವರದ್ದಲ್ಲ. ಪಿಯಾನೋ ಹೇಳಿಕೊಡೋರು, ಜಡ್ಜ್ ಆಗಿ ಕೂರೋರು ನಾವೇ ಎಲ್ಲಾ ಸೇರಿ ಇವೆರಡನ್ನೂ ಬೇರೆ ಬೇರೆ ಡಬ್ಬದಲ್ಲಿ ಹಾಕಿಟ್ಟಿದೀವಿ, ಒಂದು ಡಬ್ಬ ಖಾಲಿ ಆದ್ಮೇಲೆ ಇನ್ನೊಂದನ್ನ ತೆಗೀಬೇಕು ಅನ್ನೋ ಥರ. ಮೊದಲು ಬೆರಳು, ಆಮೇಲೆ ವಯಸ್ಸಾಗ್ತಾ ಆಗ್ತಾ ಭಾವ ತಾನಾಗೇ ಬರುತ್ತೆ ಅಂತ. ಬರಲ್ಲ. ನನ್ನ ಅನುಭವದಲ್ಲಂತೂ ತಾನಾಗೇ ಬಂದಿದ್ದು ನೋಡೇ ಇಲ್ಲ.

ಆ ಹುಡುಗ ಚೆನ್ನಾಗಿ ನುಡಿಸ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಸ್ಕೇಲ್ ನೀರು ಹರಿದ ಹಾಗೆ, ಒಂದು ನೋಟ್ ತಪ್ಪಲ್ಲ, ಟೆಂಪೋ ಅಲ್ಲಾಡಲ್ಲ. ಆದ್ರೆ ಎರಡು ನಿಮಿಷ ಕೇಳಿದ್ಮೇಲೆ ನನ್ನ ಗಮನ ಕಿಟಕಿ ಕಡೆ ಹೋಗುತ್ತೆ. ಯಾಕೆ ಅಂತ ತುಂಬಾ ದಿನ ಹುಡುಕಿದೆ. ಕೊನೆಗೆ ಅನ್ಸಿದ್ದು ಇಷ್ಟು, ಅವನು ತಾನು ನುಡಿಸಿದ್ದನ್ನ ತಾನೇ ಕೇಳಿಸ್ಕೊಳ್ತಾ ಇಲ್ಲ, ಬೆರಳು ಸರಿಯಾದ ಜಾಗಕ್ಕೆ ಹೋಯ್ತಾ ಅಂತ ನೋಡ್ತಾ ಇದಾನೆ, ಕೀಯಿಂದ ಹೊರಗೆ ಬಂದ ಸದ್ದು ಅವನ ಪಾಲಿಗೆ ಕೆಲಸ ಮುಗಿದಿದ್ದಕ್ಕೆ ಸಿಕ್ಕ ರಸೀದಿ ಅಷ್ಟೇ.

ಇಲ್ಲಿ ಪಿಯಾನೋ ಬಗ್ಗೆ ಒಂದು ವಿಷಯ ಹೇಳ್ಲೇಬೇಕು. ಪಿಟೀಲಲ್ಲಾದ್ರೆ ಬಿಲ್ಲು ತಂತಿ ಮೇಲೆ ಇರೋವರೆಗೂ ಸದ್ದನ್ನ ಬೆಳೆಸಬಹುದು, ಇಳಿಸಬಹುದು. ಪಿಯಾನೋದಲ್ಲಿ ಹ್ಯಾಮರ್ ತಂತಿಗೆ ಬಡಿದು ಹಿಂದೆ ಬಿದ್ದ ಮೇಲೆ ಮುಗೀತು, ಆ ಕ್ಷಣದಿಂದಲೇ ನೋಟ್ ಸಾಯೋಕೆ ಶುರು, ಇನ್ನೇನಿದ್ರೂ ಬೇಗ ನಿಲ್ಲಿಸಬಹುದೇ ಹೊರತು ದೊಡ್ಡದು ಮಾಡೋಕಾಗಲ್ಲ. ಅಂದ್ಮೇಲೆ ಒಂದು ಉದ್ದದ ನೋಟ್ ಆದ್ಮೇಲೆ ಬರೋ ನೋಟನ್ನ ಎಷ್ಟು ಜೋರಾಗಿ ಒತ್ತಬೇಕು? ಮಕ್ಕಳು ಹಿಂದಿನ ನೋಟನ್ನ ಎಷ್ಟು ಜೋರಾಗಿ ಒತ್ತಿದ್ರೋ ಅಷ್ಟೇ ಜೋರಾಗಿ ಒತ್ತುತ್ತಾರೆ, ಯಾಕಂದ್ರೆ ಬೆರಳಿಗೆ ನೆನಪಿರೋದು ಅದು. ಆದ್ರೆ ಅಷ್ಟೊತ್ತಿಗೆ ಹಿಂದಿನ ನೋಟ್ ಅರ್ಧ ಕರಗಿ ಹೋಗಿರುತ್ತೆ, ಈ ಹೊಸ ನೋಟ್ ಅದರ ತಲೆ ಮೇಲೆ ಮೊಟಕಿದ ಹಾಗೆ ಕೇಳ್ಸುತ್ತೆ, ಹಾಡು ತುಂಡು ತುಂಡಾಗುತ್ತೆ. ಒಂದೇ ಉಸಿರಲ್ಲಿ ಹೇಳಿದ ಹಾಗೆ ಕೇಳ್ಸಬೇಕು ಅಂದ್ರೆ ಆ ನೋಟ್ ಈಗ ಎಷ್ಟು ಉಳಿದಿದೆ ಅಂತ ಕಿವಿಗೆ ಗೊತ್ತಾಗಬೇಕು, ಗೊತ್ತಾದ್ಮೇಲೆ ಬೆರಳು ಅಷ್ಟೇ ಭಾರ ಹಾಕೋಕೆ ಶಕ್ತ ಇರಬೇಕು. ಈಗ ಹೇಳಿ, ಇದು ಟೆಕ್ನಿಕ್ಕಾ, ಮೆಚುರಿಟಿನಾ?

ನನಗಂತೂ ಗೆರೆ ಎಳೆಯೋಕೆ ಆಗಿಲ್ಲ.

ಮಕ್ಕಳ ಜೊತೆ ನಾನು ಜಾಸ್ತಿ ಬಳಸೋದು ಜರ್ಮನ್ ಸಂಗೀತ ರಚನೆಕಾರ ಶೂಮನ್ನನ 'ಟ್ರಾಯ್ಮೆರೈ'. 1838ರ 'ಕಿಂಡರ್‌ಸೀನನ್' (ಅಂದ್ರೆ 'ಬಾಲ್ಯದ ದೃಶ್ಯಗಳು') ಅನ್ನೋ 13 ಪುಟ್ಟ ಪೀಸ್‌ಗಳ ಗುಚ್ಛದಲ್ಲಿ ಏಳನೇದು. ಹೆಸರಲ್ಲಿ ಮಕ್ಕಳಿದಾರೆ ಅಂತ ಮಕ್ಕಳಿಗೆ ಅಂತ ಬರೆದಿದ್ದಲ್ಲ, ದೊಡ್ಡವರು ಬಾಲ್ಯವನ್ನ ನೆನೆಸ್ಕೊಳ್ಳೋದು ಅದು. ಬರೀ 24 ಬಾರ್ (ತಾಳದ ಆವರ್ತದ ಥರ ಒಂದೊಂದು ಅಳತೆ), ವೇಗ ಇಲ್ಲ, ನೋಟ್ ಕಲಿಯೋಕೆ ಚುರುಕು ಮಕ್ಕಳಿಗೆ ಎರಡು ದಿನ ಸಾಕು. ನಾಲ್ಕು ನಾಲ್ಕು ಬಾರಿನ ಆರು ಫ್ರೇಸ್, ಅಂದ್ರೆ ಹಾಡಿನ ಸಾಲು, ಎಲ್ಲಾ ಹೆಚ್ಚುಕಮ್ಮಿ ಒಂದೇ ಥರ ಶುರುವಾಗಿ ಏಣಿ ಹತ್ತಿದ ಹಾಗೆ ಮೇಲೆ ಹೋಗುತ್ವೆ. ಮೊದಲನೇ ಸಲ ಎಫ್ ಸ್ವರದ‌ವರೆಗೆ ಹತ್ತಿ ಇಳಿಯುತ್ತೆ, ಎರಡನೇ ಸಲ ಎಫ್ ದಾಟಿ ಇನ್ನೂ ಮೇಲಿನ 'ಎ' ಸ್ವರದವರೆಗೆ. ಕೊನೇ ಫ್ರೇಸಲ್ಲಿ ಮತ್ತೆ ಅದೇ ಎ, ಆದ್ರೆ ಈ ಸಲ ಕೆಳಗಿರೋ ಕಾರ್ಡ್ (ಒಟ್ಟಿಗೆ ನುಡಿಯೋ ಸ್ವರಗಳ ಗುಂಪು) ಬೇರೆ, ಮೇಲೆ ನಿಲ್ಲು ಅನ್ನೋ ಫರ್ಮಾಟಾ ಗುರುತು. ಹುಡುಗನಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ, "ಎರಡನೇ ಸಲ ಜಾಸ್ತಿ ಎತ್ತರಕ್ಕೆ ಹೋದೆ ಅಲ್ವಾ, ಅಲ್ಲಿ ಏನಾದ್ರೂ ಬೇರೆ ಕಾಣಿಸ್ತಾ?" ಅವನು ಸ್ಕೋರ್ ನೋಡಿದ, ನನ್ನ ನೋಡಿದ, "ಅಲ್ಲೇನೂ ಬರೆದಿಲ್ವಲ್ಲ ಮಿಸ್" ಅಂದ. ಸರಿಯಾಗೇ ಹೇಳಿದ ಪಾಪ. ಬರೆದಿದ್ದನ್ನ ಮಾಡೋದ್ರಲ್ಲಿ ಅವನು ಎಕ್ಸ್‌ಪರ್ಟ್, ಬರೆಯದೇ ಇರೋದನ್ನ ಕೇಳಿಸ್ಕೊಳ್ಳೋಕೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ, ನಾನೂ ಸೇರಿ.

ವಯಸ್ಸಿನ ಮಾತು ಬಂದ್ರೆ, "ಇನ್ನೂ ಚಿಕ್ಕವನು, ಪ್ರೀತಿ ಗೊತ್ತಿಲ್ಲ ಸಾವು ಗೊತ್ತಿಲ್ಲ, ಹೇಗೆ ನುಡಿಸ್ತಾನೆ" ಅಂತಾರಲ್ಲ, ಆ ವಾದ ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ. ಆಸ್ಟ್ರಿಯಾದ ಸಂಗೀತ ರಚನೆಕಾರ ಶೂಬರ್ಟ್ 1814ರಲ್ಲಿ, 17ನೇ ವಯಸ್ಸಲ್ಲಿ, ರಾಟೆ ಮುಂದೆ ಕೂತು ಪ್ರಿಯಕರನ್ನ ನೆನೆಸಿ ಹಂಬಲಿಸೋ ಗ್ರೆಚನ್ ಅನ್ನೋ ಹುಡುಗಿಯ ಹಾಡು ಬರೆದ, ಪಿಯಾನೋ ಇಡೀ ಹಾಡಿನುದ್ದಕ್ಕೂ ರಾಟೆ ಥರ ಸುತ್ತುತ್ತಾ ಇದ್ದು ಅವಳು ಅವನ ಮುತ್ತನ್ನ ನೆನೆಸ್ಕೊಂಡ ಕಡೆ ಗಕ್ಕಂತ ನಿಂತು ಆಮೇಲೆ ತಡವರಿಸಿ ಮತ್ತೆ ಶುರುವಾಗುತ್ತೆ. ಮೆಂಡೆಲ್ಸನ್ 1825ರಲ್ಲಿ ಆಕ್ಟೆಟ್, ಅಂದ್ರೆ ಎಂಟು ವಾದ್ಯಗಳ ರಚನೆ, ಬರೆದಾಗ ಅವನಿಗೆ 16 ವರ್ಷ. ಅವರೇನು ಜೀವನವನ್ನೆಲ್ಲಾ ಕಂಡುಬಿಟ್ಟಿದ್ರಾ? ಕಂಡಿರಲಿಲ್ಲ. ಕಿವಿ ಇತ್ತು. ಮತ್ತೆ 50 ದಾಟಿದ್ರೂ ಟೈಪ್ ಮಾಡಿದ ಹಾಗೆ ನುಡಿಸೋರನ್ನ ನಾನು ಬೇಕಾದಷ್ಟು ಕೇಳಿದೀನಿ, ಹೆಸರು ಬೇಡ.

ಹಾಗಂತ ಮೆಚುರಿಟಿ ಕಲಿಸ್ತೀನಿ ಅಂತ ಹೊರಟ್ರೆ ಏನಾಗುತ್ತೆ ಅನ್ನೋದಕ್ಕೆ ನಾನೇ ಉದಾಹರಣೆ. ತುಂಬಾ ವರ್ಷದ ಹಿಂದೆ ಒಬ್ಬಳು ಸ್ಟೂಡೆಂಟ್, ಅಸಾಧ್ಯ ಪ್ರತಿಭೆ. ಕಾಂಪಿಟಿಷನ್ ಹತ್ರ ಬಂತು ಅಂತ ಒಂದು ಬೀಟೋವನ್ ಸೊನಾಟಾಗೆ ಬಾರ್ ಬಾರಿಗೂ ಹೇಳಿಕೊಟ್ಟೆ, ಇಲ್ಲಿ ಚೂರು ಕಾಯಿ, ಇಲ್ಲಿ ಪೆಡಲ್ ಅರ್ಧ ಬಿಡು, ಇಲ್ಲಿ ಎಡಗೈಯನ್ನ ಮುಂದೆ ತಾ, ಇಲ್ಲಿ ಉಸಿರು. ಎಲ್ಲಾ ಹಾಗ್ಹಾಗೇ ಹಿಡಿದಳು, ಮೊದಲ ಪ್ರೈಜ್ ಬಂತು, "ವಯಸ್ಸಿಗೆ ಮೀರಿದ ಪ್ರೌಢಿಮೆ" ಅಂತ ಹೊಗಳಿದ್ರು, ನಾನೂ ಎದೆ ಉಬ್ಬಿಸ್ಕೊಂಡು ಓಡಾಡಿದೆ. ಮುಂದಿನ ಪೀಸನ್ನ ನೀನೇ ರೆಡಿ ಮಾಡ್ಕೊಂಡು ಬಾ ಅಂದೆ. ಬಂದಳು, ನುಡಿಸಿದಳು, ಏನೂ ಇಲ್ಲ! ಸೊನಾಟಾದಲ್ಲಿ ಕಾದಿದ್ದೆಲ್ಲಾ ನಾನು, ಉಸಿರು ತಗೊಂಡಿದ್ದೆಲ್ಲಾ ನಾನು, ಅವಳು ನನ್ನ ಅಭಿರುಚಿಯನ್ನೂ ಒಂದು ಕಷ್ಟದ ಆರ್ಪೆಜಿಯೋ (ಕಾರ್ಡಿನ ಸ್ವರಗಳನ್ನ ಒಂದಾದ್ಮೇಲೊಂದು ನುಡಿಸೋದು) ಥರಾನೇ ಪ್ರಾಕ್ಟೀಸ್ ಮಾಡಿದ್ದಳು. ಅಂದ್ರೆ ನಾನು ಮೆಚುರಿಟಿ ಅಂದ್ಕೊಂಡು ಕೊಟ್ಟಿದ್ದು ಇನ್ನಷ್ಟು ಟೆಕ್ನಿಕ್ಕೇ. ಅದನ್ನ ಸರಿ ಮಾಡೋಕೆ ಎರಡು ವರ್ಷ ಹಿಡೀತು, ಆ ಎರಡು ವರ್ಷ ಅವಳಿಗೆ ಯಾವ ಪ್ರೈಜೂ ಬರಲಿಲ್ಲ, ಮನೆಯವರಿಗೆ ಬೇಜಾರು, ನ್ಯಾಯವೇ.

ಈಗಿನ ಮಕ್ಕಳು ಇದನ್ನೆಲ್ಲಾ ಯೂಟ್ಯೂಬಿಂದಲೇ ಕಲಿತು ಬರ್ತಾರೆ. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಬಾಕ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ಅನ್ನ 22ನೇ ವಯಸ್ಸಲ್ಲಿ, 1955ರಲ್ಲಿ, ಒಂದ್ಸಲ ರೆಕಾರ್ಡ್ ಮಾಡಿದ್ದ, ಸುಮಾರು 38 ನಿಮಿಷ. ಮತ್ತೆ 1981ರಲ್ಲಿ ಮಾಡಿದ, 51 ನಿಮಿಷ. ಶುರುವಿನ ಆರಿಯಾ ಅನ್ನೋ ಭಾಗ ಮೊದಲನೇದ್ರಲ್ಲಿ ಎರಡು ನಿಮಿಷದೊಳಗೆ ಮುಗಿದ್ರೆ ಎರಡನೇದ್ರಲ್ಲಿ ಮೂರು ನಿಮಿಷದ ಮೇಲೆ. ಇದನ್ನ ಕೇಳಿ ಮಕ್ಕಳು ಕಟ್ಕೊಳ್ಳೋ ಪಾಠ ಏನು ಗೊತ್ತಾ, ಮೆಚುರಿಟಿ ಅಂದ್ರೆ ನಿಧಾನ. ಸರಿ, ಎಲ್ಲಾನೂ ನಿಧಾನ, ಕಣ್ಣು ಮುಚ್ಚೋದು, ತೂಗಾಡೋದು. (51 ನಿಮಿಷ ಆಗಿದ್ದು ಬರೀ ನಿಧಾನದಿಂದಲ್ಲ, ಮೊದಲ ಸಲ ಬಿಟ್ಟಿದ್ದ ರಿಪೀಟ್‌ಗಳಲ್ಲಿ ಕೆಲವನ್ನ ಎರಡನೇ ಸಲ ನುಡಿಸಿದಾನೆ, ಅದೂ ಲೆಕ್ಕಕ್ಕೆ ಬೇಕು.) ನನ್ನ ಕೇಳಿದ್ರೆ 1955ರ ಹುಡುಗಾಟದ ಓಟದಲ್ಲೂ ಒಂದೊಂದು ಸ್ವರದ ಸಾಲು ಬಿಡಿಬಿಡಿಯಾಗಿ ಕೇಳ್ಸುತ್ತಲ್ಲ, ಅಲ್ಲೇ ಪೂರ್ತಿ ಸಂಗೀತಗಾರ ಇದಾನೆ.

ಇದರ ಉಲ್ಟಾ ಕಥೆಯೂ ಇದೆ, ಬೆರಳಿಗಿಂತ ಕಿವಿ ಮುಂದೆ ಓಡಿದ ಕಥೆ. ಪಿಟೀಲು ವಾದಕ ಯೆಹುದಿ ಮೆನುಹಿನ್ 1927ರಲ್ಲಿ, 11 ವರ್ಷಕ್ಕೆ, ನ್ಯೂಯಾರ್ಕಿನ ಕಾರ್ನೆಗಿ ಹಾಲಲ್ಲಿ ಬೀಟೋವನ್ ವಯೊಲಿನ್ ಕನ್ಸರ್ಟೋ ನುಡಿಸಿ ಜನರನ್ನ ದಂಗುಬಡಿಸಿದವರು. ಹುಡುಗನಾಗಿದ್ದಾಗಲೇ ಬೆಲ್ಜಿಯಂನ ದೊಡ್ಡ ಪಿಟೀಲು ವಾದಕ ಇಸಾಯ್ ಹತ್ರ ಹೋಗಿ ಫ್ರೆಂಚ್ ರಚನೆಕಾರ ಲಾಲೋನ ಪೀಸ್ ನುಡಿಸಿದ್ರಂತೆ, ಇಸಾಯ್ ಮೆಚ್ಚಿಕೊಂಡು ಆಮೇಲೆ ಸುಮ್ನೆ ಎ ಮೇಜರ್ ಆರ್ಪೆಜಿಯೋ ನಾಲ್ಕು ಆಕ್ಟೇವ್ (ಸ್ಥಾಯಿ) ನುಡಿಸು ಅಂದ್ರೆ ಹುಡುಗ ತಡಕಾಡಿಬಿಟ್ಟ. ಸ್ಕೇಲು ಆರ್ಪೆಜಿಯೋ ಪ್ರಾಕ್ಟೀಸ್ ಮಾಡು ಅನ್ನೋದೇ ಅವರು ಕೊಟ್ಟ ಸಲಹೆ. ಮೆನುಹಿನ್ನೇ ಇದನ್ನ ಮುಂದೆ ಹೇಳ್ಕೊಂಡಿದಾರೆ. ಅಷ್ಟು ದಿನ ಬರೀ ಒಳಗಿನ ಸಂಗೀತವೇ ಕೈಯನ್ನ ಎಳ್ಕೊಂಡು ಹೋಗಿತ್ತು, ದೊಡ್ಡವರಾದ್ಮೇಲೆ ಅದು ಕೈಕೊಟ್ಟಾಗ ಬಿಲ್ಲು ಹಿಡಿಯೋದರಿಂದ ಹಿಡಿದು ಎಲ್ಲಾನೂ ಬಿಚ್ಚಿ ನೋಡಬೇಕಾಯ್ತು. ಅದಕ್ಕೇ "ಫೀಲ್ ಇದ್ರೆ ಸಾಕು, ಸ್ಕೇಲ್ ಯಾಕೆ" ಅನ್ನೋ ಟೀಚರ್‌ಗಳನ್ನ ಕಂಡ್ರೂ ನನಗೆ ಆಗಲ್ಲ.

ಇನ್ನೊಬ್ಬರು ಚೆಲ್ಲೋ ವಾದಕ ಕಸಾಲ್ಸ್. ಬಾಕ್‌ನ ಚೆಲ್ಲೋ ಸ್ವೀಟ್ (suite) ಅನ್ನೋ ಪೀಸ್‌ಗುಚ್ಛಗಳ ಹಳೇ ಪ್ರತಿ ಬಾರ್ಸಿಲೋನಾದ ಅಂಗಡಿಯೊಂದರಲ್ಲಿ ಸಿಕ್ಕಾಗ 13 ವರ್ಷ, ಅದರಲ್ಲೊಂದನ್ನ ಜನರ ಮುಂದೆ ನುಡಿಸೋಕೆ ಹತ್ತತ್ರ ಹನ್ನೆರಡು ವರ್ಷ ತಗೊಂಡ್ರು. ಇದನ್ನ ಅಪ್ಪ ಅಮ್ಮಂದಿರಿಗೆ ಹೇಳಿದ್ರೆ ಗಾಬರಿ ಬೀಳ್ತಾರೆ. ಅಷ್ಟು ವರ್ಷ ವಯಸ್ಸಾಗಲಿ ಅಂತ ಕಾದು ಕೂತಿರಲಿಲ್ಲ ಅವರು, ದಿನಾ ನುಡಿಸ್ತಾ ಇದ್ರು, ಅಂದ್ರೆ ದಿನಾ ಕೇಳಿಸ್ಕೊಳ್ತಾ ಇದ್ರು.

ಆ ಹುಡುಗನ ವಿಷಯಕ್ಕೆ ಬಂದ್ರೆ, ಈ ಸಲ ನಾನು ಎಲ್ಲಿ ಏನು ಮಾಡಬೇಕು ಅಂತ ಹೇಳಲಿಲ್ಲ, ನಾಲಿಗೆ ಕಚ್ಚಿಕೊಂಡು ಕೂತೆ, ಕಷ್ಟ ಆಯ್ತು. ಫೋನಲ್ಲಿ ರೆಕಾರ್ಡ್ ಮಾಡ್ಕೋ, ಸ್ಕೋರ್ ಮುಚ್ಚಿಟ್ಟು ಕೇಳು, ಹಾಡಿ ನೋಡು, ಆಮೇಲೆ ನುಡಿಸು ಅಂದೆ ಅಷ್ಟೇ. ಹಾಡೋಕೆ ನಾಚಿಕೆ ಅವನಿಗೆ, ಬಾಗಿಲು ಹಾಕ್ಕೊಂಡು ಹಾಡಿದನಂತೆ. ಮುಂದಿನ ವಾರ ಬಂದು ಮುಖ ಸಪ್ಪಗೆ ಮಾಡ್ಕೊಂಡು, "ಮಿಸ್, ಎರಡನೇ ಸಲಾನೂ ಮೊದಲನೇ ಸಲದ ಥರಾನೇ ಇದೆ, ಮೇಲೆ ಹೋದ ಹಾಗೇ ಇಲ್ಲ" ಅಂದ. ಆ ಎ ನೋಟನ್ನ ಜೋರಾಗಿ ಒತ್ತಿ ನೋಡಿದ, ಚೆನ್ನಾಗಿಲ್ಲ ಅಂದ, ಮೆತ್ತಗೆ ಒತ್ತಿ ಒಂಚೂರು ತಡ ಮಾಡಿದ, ಅದೂ ಬೇಡ ಅಂದ, ಇಡೀ ಕ್ಲಾಸ್ ಆ ನಾಲ್ಕು ಬಾರಲ್ಲೇ ಕಳೀತು.

ನಿನ್ನೆ ಅವನಮ್ಮ ಫೋನ್ ಮಾಡಿದ್ರು. "ಮಿಸ್, ಮೂರು ವಾರ ಆಯ್ತು, ಇನ್ನೂ ಅದೇ ಪೀಸಲ್ಲೇ ಇದಾನೆ, ಏನಾದ್ರೂ ಪ್ರಾಬ್ಲಮ್ಮಾ?"