ತೂತು ಬಿದ್ದ ಪೊರೆ, ನಿಂತುಹೋದ ರೈಬೋಸೋಮ್, ಆಫ್ ಆಗದ ಮೋಟರ್

ಮೊನ್ನೆ ಪ್ರಾಕ್ಟಿಕಲ್ ಮುಗಿದ ಮೇಲೆ ಬ್ಲಡ್ ಅಗಾರ್ ಪ್ಲೇಟನ್ನು (ಬ್ಯಾಕ್ಟೀರಿಯಾ ಬೆಳೆಸಲು ರಕ್ತ ಬೆರೆಸಿದ ಜೆಲ್ಲಿ ತಟ್ಟೆ) ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದ ಕಾಲೊನಿ, ಅಂದರೆ ಗುಂಪು, ಸಾಸಿವೆಗಿಂತ ಚಿಕ್ಕದು. ಆದರೆ ಅದರ ಸುತ್ತ ಕೆಂಪು ಬಣ್ಣವೇ ಹೋಗಿ ತಿಳಿಯಾಗಿತ್ತು. ಅಲ್ಲಿದ್ದ ರಕ್ತಕಣಗಳೆಲ್ಲ ಒಡೆದಿದ್ದವು. ಬ್ಯಾಕ್ಟೀರಿಯಾ ಹಚ್ಚುವ ತಂತಿ ಲೂಪಿನಿಂದ ಅಗಾರನ್ನು ಚುಚ್ಚಿದ ಕಡೆ ಇನ್ನೂ ಜಾಸ್ತಿ ತಿಳಿ. ಯಾಕೆ ಗೊತ್ತಾ? ಅದು ಬಿಡುವ ಟಾಕ್ಸಿನ್, ಅಂದರೆ ವಿಷ, ಸ್ಟ್ರೆಪ್ಟೋಲೈಸಿನ್ ಓ ಗಾಳಿಯ ಆಕ್ಸಿಜನ್ ತಗುಲಿದರೆ ಕೆಡುತ್ತದೆ. ಅಗಾರಿನ ಒಳಗೆ ಅದಕ್ಕೆ ಆರಾಮ.

ಇದು ತೂತು ಮಾಡುವ ಟಾಕ್ಸಿನ್. ಕೋಶದ ಪೊರೆಯಲ್ಲಿರುವ ಕೊಲೆಸ್ಟ್ರಾಲ್‌ಗೆ ಅಂಟಿಕೊಳ್ಳುತ್ತದೆ. ಹತ್ತಾರು ಅಣುಗಳು ಸೇರಿ ಉದ್ದಿನವಡೆ ಥರ ಉಂಗುರವಾಗಿ ಪೊರೆಯೊಳಗೆ ಇಳಿಯುತ್ತವೆ. ಇನ್ನೊಂದು ಬ್ಯಾಕ್ಟೀರಿಯಾ ಸ್ಟಫೈಲೋಕಾಕಸ್‌ನ ಆಲ್ಫಾ ಟಾಕ್ಸಿನ್‌ಗೆ ಏಳೇ ಅಣು ಸಾಕು, ತೂತೂ ಸಣ್ಣದು. ತೂತಿನಿಂದ ಪೊಟ್ಯಾಸಿಯಂ ಆಚೆ ಹೋಗುತ್ತದೆ, ಸೋಡಿಯಂ, ಕ್ಯಾಲ್ಸಿಯಂ ಒಳಗೆ ಬರುತ್ತವೆ, ಹಿಂದೆಯೇ ನೀರು ನುಗ್ಗುತ್ತದೆ. ರಕ್ತಕಣ ಊದಿ ಒಡೆಯುತ್ತದೆ. ಸ್ಟ್ರೆಪ್ಟೋಕಾಕಸ್‌ನ ಸ್ವಂತ ಪೊರೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ, ಹಾಗಾಗಿ ಅದು ಬಚಾವ್!

ಗಂಟಲಮಾರಿಯ, ಅಂದರೆ ಡಿಫ್ತೀರಿಯಾದ ಟಾಕ್ಸಿನ್ ಪೊರೆ ಒಡೆಯುವ ಗೋಜಿಗೇ ಹೋಗುವುದಿಲ್ಲ. 1888ರಲ್ಲಿ ಪ್ಯಾರಿಸ್‌ನಲ್ಲಿ ರೂ ಮತ್ತು ಯೆರ್ಸಿನ್ ಎಂಬ ವಿಜ್ಞಾನಿಗಳು ಬ್ಯಾಕ್ಟೀರಿಯಾವನ್ನು ಪೂರ್ತಿ ಸೋಸಿ ತೆಗೆದ ದ್ರವವನ್ನು ಪ್ರಾಣಿಗಳಿಗೆ ಚುಚ್ಚಿದರು. ಆದರೂ ಅವು ಸತ್ತವು. ಆ ದ್ರವದಲ್ಲಿದ್ದದ್ದು ಎರಡು ಭಾಗದ ಪ್ರೋಟೀನ್. ಬಿ ಭಾಗ ಕೋಶದ ಮೇಲಿನ ರಿಸೆಪ್ಟರ್ ಎಂಬ ಹಿಡಿಕೆಯನ್ನು ಹಿಡಿಯುತ್ತದೆ. ಕೋಶವೇ ಅದನ್ನು ಒಂದು ಚೀಲದಲ್ಲಿ ಒಳಗೆ ಎಳೆದುಕೊಳ್ಳುತ್ತದೆ. ಆ ಚೀಲವನ್ನು ಹುಳಿ ಮಾಡುವುದೂ ಕೋಶವೇ. ಹುಳಿ ಆದ ಕೂಡಲೇ ಟಾಕ್ಸಿನ್ ಆಕಾರ ಬದಲಾಗಿ ಎ ಭಾಗ ಚೀಲದಿಂದ ಹೊರಗೆ, ಕೋಶದೊಳಕ್ಕೆ ಜಾರುತ್ತದೆ. ಅದು ಕೋಶದಲ್ಲಿರುವ ಎನ್‌ಎಡಿ ಎಂಬ ಅಣುವಿನಿಂದ ಎಡಿಪಿ-ರೈಬೋಸ್ ಎಂಬ ತುಂಡನ್ನು ಕಿತ್ತು ಇಎಫ್-2 ಎಂಬ ಪ್ರೋಟೀನ್‌ಗೆ ಅಂಟಿಸುತ್ತದೆ. ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಹೆಜ್ಜೆ ಮುಂದಿಡಲು ಇಎಫ್-2 ಬೇಕೇ ಬೇಕು. ಅದು ಕೆಟ್ಟರೆ ಪ್ರೋಟೀನ್ ತಯಾರಿ ಬಂದ್, ಕೋಶ ಸಾಯುತ್ತದೆ. ಎ ಭಾಗ ಕಿಣ್ವ, ಅದು ಖರ್ಚಾಗುವುದಿಲ್ಲ. ಒಂದರ ಕೆಲಸ ಮುಗಿಸಿ ಇನ್ನೊಂದು ಇಎಫ್-2 ಹಿಡಿಯುತ್ತದೆ. ಒಂದೇ ಒಂದು ಎ ಅಣು ಒಳಗೆ ಸೇರಿದರೂ ಕೋಶದ ಕಥೆ ಮುಗಿಯಿತು.

ಈಗ ನಾನು ಇಂಟರ್ನಲ್ಸ್‌ನಲ್ಲಿ ಎಡವಿದ ಜಾಗ. ಕಾಲರಾ ಟಾಕ್ಸಿನ್ ಕೂಡ ಎಡಿಪಿ-ರೈಬೋಸ್ ಅಂಟಿಸುತ್ತದೆ, ಅಲ್ವಾ? ಹಾಗಾಗಿ ಸುಮ್ನೆ 'ಕೋಶ ಸಾಯುತ್ತದೆ' ಎಂದು ಬರೆದೆ. ಮಾರ್ಕ್ಸ್ ಹೋಯಿತು. ನೋಡಬೇಕಾದ್ದು ಏನು ಅಂಟಿತು ಅಂತಲ್ಲ, ಯಾರಿಗೆ ಅಂಟಿತು ಅಂತ. ಇಲ್ಲಿ ಅಂಟುವುದು ಜಿಎಸ್ ಪ್ರೋಟೀನ್‌ಗೆ. ಅದೊಂದು ಸ್ವಿಚ್, ಆನ್ ಆಗಿಯೇ ಉಳಿದುಬಿಡುತ್ತದೆ. ಜಯನಗರದ ನಮ್ಮ ಪಿಜಿಯಲ್ಲಿ ಸಂಪಿನ ಮೋಟರ್ ಹಾಕಿ ಮರೆಯುತ್ತಾರಲ್ಲ, ಟ್ಯಾಂಕ್ ತುಂಬಿ ನೀರು ಮೆಟ್ಟಿಲ ಮೇಲೆಲ್ಲ ಹರಿಯುತ್ತದಲ್ಲ, ಹಾಗೆ. ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಅಣು ಏರುತ್ತದೆ, ಕ್ಲೋರೈಡ್ ಕರುಳಿನೊಳಕ್ಕೆ ಸುರಿಯುತ್ತದೆ, ನೀರು ಅದರ ಬೆನ್ನು ಹತ್ತುತ್ತದೆ. 1959ರಲ್ಲಿ ಕೋಲ್ಕತ್ತಾದ ವಿಜ್ಞಾನಿ ಶಂಭುನಾಥ್ ಡೇ ಮೊಲದ ಕರುಳಿನ ತುಂಡನ್ನು ಎರಡೂ ಕಡೆ ಕಟ್ಟಿ, ಬ್ಯಾಕ್ಟೀರಿಯಾ ಇಲ್ಲದ ಸೋಸಿದ ದ್ರವ ಹಾಕಿ ತೋರಿಸಿದ್ದು ಈ ನೀರು ಸುರಿಯುವುದನ್ನೇ. ಕರುಳು ನೀರು ತುಂಬಿ ಊದಿಕೊಂಡಿತು.

ರೋಗಿ ನೀರಿಲ್ಲದೆ ಸಾಯಬಹುದು, ಆದರೆ ಕರುಳಿನ ಕೋಶ ಬದುಕಿಯೇ ಇರುತ್ತದೆ. ಗ್ಲೂಕೋಸ್ ಜೊತೆ ಸೋಡಿಯಂ ಒಳಗೆಳೆಯುವ ಅದರ ಇನ್ನೊಂದು ದಾರಿ ಕೆಟ್ಟಿರುವುದಿಲ್ಲ. ಭೇದಿಯಾದಾಗ ಕುಡಿಸುವ ಓಆರ್‌ಎಸ್‌ನಲ್ಲಿ ಉಪ್ಪಿನ ಜೊತೆ ಗ್ಲೂಕೋಸ್ ಇರುವುದು ಅದಕ್ಕೇ.