ಸವೆದ ಷೂ ಮತ್ತು ಶೀಲದ ಪ್ರಶ್ನೆ: ಅಮೆರಿಕದ ಮೂಕಿ ಚಿತ್ರಗಳಲ್ಲಿ ಬಡ ಹೆಣ್ಣು

ಅಮೆರಿಕದಲ್ಲಿ ಸಿನಿಮಾ ಮೊದಮೊದಲು ಐದು ಸೆಂಟು ಕೊಟ್ಟು ಒಳಗೆ ಬರುತ್ತಿದ್ದ ಕಾರ್ಮಿಕರ, ವಲಸಿಗರ ಮನರಂಜನೆಯಾಗಿತ್ತು. ಅದರ ನೀತಿಯ ಬಗ್ಗೆ ಗಣ್ಯರಿಗೆ ಅಷ್ಟೊಂದು ಚಿಂತೆ ಹತ್ತಿಕೊಂಡದ್ದಕ್ಕೆ ಅದೂ ಒಂದು ಕಾರಣ. ಷಿಕಾಗೊ ನಗರ 1907ರಲ್ಲಿ ಚಿತ್ರಪ್ರದರ್ಶನಕ್ಕೆ ಪೊಲೀಸರ ಅನುಮತಿಯನ್ನು ಕಡ್ಡಾಯಗೊಳಿಸಿತು. ಸಿನಿಮಾ ಬರಿಯ ವ್ಯಾಪಾರ, ಅದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಸಲ್ಲದು ಎಂದು 1915ರಲ್ಲಿ ಸುಪ್ರೀಂ ಕೋರ್ಟೇ ಹೇಳಿದ ಮೇಲೆ, ಪಾಪವನ್ನು ತೋರಿಸಿ ಕೊನೆಗೆ ಪಾಪಿಯನ್ನು ದಂಡಿಸುವುದೇ ನಿರ್ಮಾಪಕರಿಗೆ ಸುರಕ್ಷಿತ ದಾರಿಯಾಯಿತು.

ನಿರ್ದೇಶಕಿ ಲೋಯಿಸ್ ವೆಬರ್ 1916ರ ‘ಷೂಸ್’ ಚಿತ್ರದಲ್ಲಿ ಈ ಲೆಕ್ಕಾಚಾರವನ್ನೇ ಪ್ರಶ್ನಿಸಿದರು. ಷಿಕಾಗೊದ ಸಮಾಜಸೇವಕಿ ಜೇನ್ ಆಡಮ್ಸ್ ವೇಶ್ಯಾವೃತ್ತಿಯ ಕುರಿತು 1912ರಲ್ಲಿ ಬರೆದ ಪುಸ್ತಕದ ಎಳೆಯೊಂದು ಈ ಕಥೆಯ ಹಿಂದಿದೆ. ಅಗ್ಗದ ಸಾಮಾನಿನ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವ ಈವಾಳ ಸಂಬಳವೆಲ್ಲ ಮನೆಖರ್ಚಿಗೇ ಮುಗಿಯುತ್ತದೆ. ಕೆಲಸವಿಲ್ಲದ ತಂದೆ ಹಾಸಿಗೆಯಲ್ಲಿ ಕಾದಂಬರಿ ಓದುತ್ತಿರುತ್ತಾನೆ. ತೂತುಬಿದ್ದ ಷೂವಿನೊಳಗೆ ಅವಳು ರಟ್ಟು ಕತ್ತರಿಸಿ ಇಡುತ್ತಾಳೆ, ಮಳೆಗೆ ಆ ರಟ್ಟು ನೆನೆದು ಹಾಳಾಗುತ್ತದೆ, ಮತ್ತೆ ಕತ್ತರಿಸುತ್ತಾಳೆ. ಕ್ಯಾಮೆರಾ ಪದೇ ಪದೇ ಆ ಪಾದಗಳಿಗೇ ಇಳಿಯುತ್ತದೆ. ಕೊನೆಗೆ ಹೊಸ ಷೂಗಾಗಿ ಕ್ಯಾಬರೆ ಗಾಯಕನೊಬ್ಬನಿಗೆ ತನ್ನನ್ನು ಒಪ್ಪಿಸಿಕೊಂಡು ಮನೆಗೆ ಬಂದರೆ, ತಂದೆಗೆ ಕೆಲಸ ಸಿಕ್ಕಿರುತ್ತದೆ! ವೆಬರ್ ಅವಳ ಮೇಲೆ ತೀರ್ಪು ಕೊಡುವುದಿಲ್ಲ. ಅವರು ಬೆರಳು ತೋರಿಸುವುದು ಸಂಬಳದ ಕಡೆಗೆ.

ಆ ಕಾಲದ ಹೆಸರಾಂತ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ ಅಷ್ಟು ದೂರ ಹೋಗಲಿಲ್ಲ. 1920ರ ‘ವೇ ಡೌನ್ ಈಸ್ಟ್’ನಲ್ಲಿ ಸಿರಿವಂತ ನೆಂಟರ ನೆರವು ಬೇಡಿ ಬೋಸ್ಟನ್ನಿಗೆ ಹೋದ ಬಡ ಹುಡುಗಿ ಸುಳ್ಳು ಮದುವೆಯಲ್ಲಿ ಮೋಸಹೋಗಿ, ಹೆತ್ತ ಕೂಸನ್ನು ಕಳೆದುಕೊಂಡು, ಆಶ್ರಯ ಕೊಟ್ಟ ಮನೆಯಿಂದಲೂ ಹಿಮಗಾಳಿಗೆ ದೂಡಿಸಿಕೊಳ್ಳುತ್ತಾಳೆ. ಮೋಸ ಮಾಡಿದವನ ಮೇಲೆ ಗ್ರಿಫಿತ್‌ಗೆ ಸಿಟ್ಟಿದೆ ನಿಜ, ಆದರೆ ಗೌರವದ ಗೃಹಿಣಿಯಾಗುವ ಮುನ್ನ ತೇಲುವ ಮಂಜುಗಡ್ಡೆಯ ಮೇಲೆ ಸಾವಿನಂಚಿಗೆ ಹೋಗಿಬರಬೇಕಾದವಳು ಅವಳೇ.

ಚಾರ್ಲಿ ಚಾಪ್ಲಿನ್ 1923ರಲ್ಲಿ ‘ಎ ವುಮನ್ ಆಫ್ ಪ್ಯಾರಿಸ್’ ನಿರ್ದೇಶಿಸುವಾಗ ಖಳನಾಯಕನನ್ನೇ ಕೈಬಿಟ್ಟರು. ನಾಯಕಿಯನ್ನು ಇಟ್ಟುಕೊಂಡ ಶ್ರೀಮಂತ ಅಲ್ಲಿ ಸಭ್ಯ, ವಿನೋದಪ್ರಿಯ ಮನುಷ್ಯ; ಅವನಿಗೆ ಶಿಕ್ಷೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ನನ್ನ ಮಟ್ಟಿಗೆ, ವರ್ಗಭೇದವನ್ನು ಇಷ್ಟು ತಣ್ಣಗೆ ಹೇಳಿದ ಮೂಕಿ ಚಿತ್ರಗಳು ಅಪರೂಪ. ಚಾಪ್ಲಿನ್ ನಗಿಸುತ್ತಾರೆಂದು ಬಂದ ಪ್ರೇಕ್ಷಕರಿಗೆ ಅದು ರುಚಿಸಲಿಲ್ಲ.

ಅಷ್ಟರಲ್ಲಿ ತಾರೆಯರ ಹಗರಣಗಳಿಂದ ಕಂಗೆಟ್ಟಿದ್ದ ಉದ್ಯಮ 1922ರಲ್ಲಿ ರಾಜಕಾರಣಿ ವಿಲ್ ಹೇಸ್ ಅವರ ಮುಂದಾಳ್ತನದಲ್ಲಿ ಸಂಘ ಕಟ್ಟಿಕೊಂಡಿತ್ತು. ತೋರಿಸಲೇಬಾರದ 11, ಎಚ್ಚರದಿಂದ ತೋರಿಸಬೇಕಾದ 25 ಸಂಗತಿಗಳ ಪಟ್ಟಿಯನ್ನು ಅದು 1927ರಲ್ಲಿ ಒಪ್ಪಿಕೊಂಡಿತು. ಹೆಣ್ಣು ಶೀಲ ಮಾರಿಕೊಳ್ಳುವುದು ಆ ಪಟ್ಟಿಯಲ್ಲಿದೆ. ಅವಳ ಸಂಬಳದ ಮಾತು ಇಲ್ಲ.